ಚೌಕದ ಹೊರಗಿನ ಕಾಡು

(ಬೆಂಗಳೂರಿನ ಓದುಗರ ಕೂಟವೊಂದರಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಈ ಮೇಜಿನ ಮೇಲಿರುವ ಚೌಕಟ್ಟಿನ ವಿಚಾರ ಹೇಳಿಬಿಡುತ್ತೇನೆ. ಒಳಗೆ ಬರುವಾಗಲೇ ಹಲವರ ಕಣ್ಣು ಅದರ ಮೇಲೆ ಬಿದ್ದದ್ದನ್ನು ನೋಡಿದೆ. ಅದು ಮುಖವಾಡ ತೊಟ್ಟು ಕಾಡಿನಲ್ಲಿದ್ದು ದುಷ್ಟರೊಡನೆ ಹೋರಾಡುವ ಕಾಮಿಕ್ಸ್ ನಾಯಕ ಫ್ಯಾಂಟಮ್ ಕಥೆಯ ಒಂದು ದಿನದ ಪಟ್ಟಿ. ಅಮೆರಿಕದ ಪತ್ರಿಕೆಗಳಲ್ಲಿ ದಿನಕ್ಕೊಂದರಂತೆ ಬರುತ್ತಿದ್ದ ಚಿತ್ರಪಟ್ಟಿಗಳಲ್ಲಿ ಒಂದು, ಮೂರು ಚೌಕಗಳದ್ದು. ಅಚ್ಚಾದ ಪ್ರತಿಯಲ್ಲ. ಕಲಾವಿದ ಮೇಜಿಗೆ ಬಗ್ಗಿ ಕುಳಿತು, ದಪ್ಪ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ಆ ಗೆರೆಗಳ ಮೇಲೆ ಕುಂಚದಿಂದ ಕಪ್ಪು ಶಾಯಿ ಎಳೆದ ಕಾಗದವೇ ಇದು. ಉದ್ದ ಸುಮಾರು ಒಂದೂವರೆ ಅಡಿ. ಪತ್ರಿಕೆಯಲ್ಲಿ ಅಚ್ಚಾಗುವಾಗ ಇದು ಅರ್ಧಕ್ಕಿಂತ ಚಿಕ್ಕದಾಗುತ್ತಿತ್ತು. 1970ರ ದಶಕದ್ದು. ಮಾತು ಮುಗಿದ ಮೇಲೆ ಎಲ್ಲರೂ ಹತ್ತಿರ ಬಂದು ನೋಡಬಹುದು. ಅದಕ್ಕಾಗಿಯೇ ತಂದಿದ್ದೇನೆ.

ನನಗೆ ಅಕ್ಷರ ಕಲಿಸಿದ್ದು ಸಾಗರದ ಸರ್ಕಾರಿ ಶಾಲೆ. ಓದಿನ ಹಸಿವು ಹತ್ತಿಸಿದ್ದು ಬಸ್ ನಿಲ್ದಾಣದ ಹತ್ತಿರ ಇದ್ದ ಬಾಡಿಗೆ ಪುಸ್ತಕದ ಅಂಗಡಿ. ಬಟ್ಟೆ ಒಣಹಾಕುವ ಹಾಗೆ ಅಂಗಡಿಯ ಮುಂದೆ ಹಗ್ಗ ಕಟ್ಟಿ, ಇಂದ್ರಜಾಲ ಕಾಮಿಕ್ಸ್‌ಗಳನ್ನು ಸಾಲಾಗಿ ನೇತುಹಾಕಿರುತ್ತಿದ್ದರು. ಕೆಲವು ಕನ್ನಡದಲ್ಲಿ, ಹೆಚ್ಚಿನವು ಇಂಗ್ಲಿಷಿನಲ್ಲಿ. ನಾನೂ ಅಣ್ಣನೂ ಪುಡಿಗಾಸು ಕೂಡಿಸಿ ಒಂದನ್ನು ತರುತ್ತಿದ್ದೆವು. ಸಂಜೆಯೊಳಗೆ ಮರಳಿಸಬೇಕು. ಜಗಲಿಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಒಂದೇ ಪುಸ್ತಕಕ್ಕೆ ಇಬ್ಬರೂ ಮುಖ ತೂರಿಸುವುದು. ಅಣ್ಣ ಮಾತುಗಳನ್ನು ಓದಿ ಪುಟ ತಿರುಗಿಸುವವನು, ನಾನು ಚಿತ್ರ ನೋಡುತ್ತಾ ಉಳಿಯುವವನು. "ಇನ್ನೂ ಆಗಲಿಲ್ಲವೇನೋ?" ಎಂದು ಅವನು ಗದರುತ್ತಿದ್ದ. ಆಗುತ್ತಿರಲಿಲ್ಲ. ಮರದ ಬೊಡ್ಡೆಯ ಕಪ್ಪಿನೊಳಗೆ ಇನ್ನೇನೋ ಇದೆ ಎಂದು ನನಗೆ ಅನಿಸುತ್ತಲೇ ಇರುತ್ತಿತ್ತು.

ಒಂದು ಚಿತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕತ್ತಲ ಕಾಡಿನ ಅಂಚಿನಲ್ಲಿ ಫ್ಯಾಂಟಮ್ ನಮಗೆ ಬೆನ್ನು ಮಾಡಿ ನಿಂತಿದ್ದಾನೆ, ಕಾಲ ಬಳಿ ಅವನ ತೋಳ ಡೆವಿಲ್. ಮಾತಿಲ್ಲ, ಹೊಡೆದಾಟವಿಲ್ಲ. ಒಬ್ಬ ಮನುಷ್ಯ ಒಬ್ಬಂಟಿಯಾಗಿ ಕಾಡನ್ನು ನೋಡುತ್ತಿರುವ ಚಿತ್ರ. ಹೈಸ್ಕೂಲು, ಕಾಲೇಜು, ಕೆಲಸ, ಊರು ಬಿಟ್ಟದ್ದು, ಇವೆಲ್ಲದರ ನಡುವೆಯೂ ಆ ಬೆನ್ನು ನನಗೆ ನೆನಪಾಗುತ್ತಿತ್ತು.

ಈ ಕಥೆಯ ಹುಟ್ಟಿನ ಬಗ್ಗೆ ಸ್ವಲ್ಪ. ಫ್ಯಾಂಟಮ್‌ನನ್ನು ಸೃಷ್ಟಿಸಿದವನು ಲೀ ಫಾಕ್. 1934ರಲ್ಲಿ ಅವನು ಮಾಂಡ್ರೇಕ್ ಎಂಬ ಜಾದೂಗಾರನ ಚಿತ್ರಕಥೆ ಶುರು ಮಾಡಿ ಗೆದ್ದಿದ್ದ. 1936ರ ಫೆಬ್ರವರಿ 17ರಂದು ಫ್ಯಾಂಟಮ್ ಬಂದ. ಮೊದಲ ಚಿತ್ರಗಾರ ರೇ ಮೂರ್, ಆಮೇಲೆ ಅವನ ಸಹಾಯಕನಾಗಿದ್ದ ವಿಲ್ಸನ್ ಮೆಕಾಯ್. 1961ರಲ್ಲಿ ಮೆಕಾಯ್ ತೀರಿಕೊಂಡ ಮೇಲೆ ಸೈ ಬ್ಯಾರಿ ಬಂದವನು 1994ರವರೆಗೆ, ಮೂವತ್ತಮೂರು ವರ್ಷ, ಈ ಕಾಡನ್ನು ಬಿಡಲಿಲ್ಲ. ನಮ್ಮ ತಲೆಮಾರಿನವರು 'ಫ್ಯಾಂಟಮ್' ಎಂದಾಗ ಕಣ್ಣಿಗೆ ಬರುವ ಆ ಅಗಲ ಭುಜ, ಆ ದವಡೆ, ಅವು ಬ್ಯಾರಿಯ ಕಾಲದ್ದು. ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚಿನಲ್ಲಿ ಮುಂಬೈಯಿಂದ ಇಂದ್ರಜಾಲ ಕಾಮಿಕ್ಸ್ ತರಲು ಶುರು ಮಾಡಿ 1990ರವರೆಗೆ ನಡೆಸಿದರು. ಆ ಸರಣಿಯ ಆರಂಭದ ದಿನಗಳಲ್ಲಿ ಅಲ್ಲಿ ದುಡಿದವರಲ್ಲಿ ನಮ್ಮ ಕಾರ್ಕಳದ ಅನಂತ ಪೈ ಕೂಡ ಇದ್ದರು. ಫ್ಯಾಂಟಮ್ ಓದುವ ಭಾರತದ ಮಕ್ಕಳಿಗೆ ತಮ್ಮದೇ ಕಥೆಗಳೂ ಚಿತ್ರದಲ್ಲಿ ಸಿಗಬೇಕೆಂದು ಅವರು ಅಮರ ಚಿತ್ರಕಥೆಯ ಕಡೆಗೆ ಹೊರಳಿದ್ದು ಅಲ್ಲಿಂದ ಹೊರಬಂದ ಮೇಲೆ.

ಪತ್ರಿಕೆಯ ಪಟ್ಟಿ ಅಡ್ಡ, ಪುಸ್ತಕದ ಪುಟ ಉದ್ದ. ಒಂದನ್ನು ಇನ್ನೊಂದರೊಳಗೆ ಕೂರಿಸಬೇಕಾದರೆ ಕತ್ತರಿ ಬೇಕು. ಇಂದ್ರಜಾಲದವರು ಪಟ್ಟಿಗಳ ಚೌಕಗಳನ್ನು ಬಿಡಿಸಿ, ಕೆಲವನ್ನು ಕತ್ತರಿಸಿ, ಕೆಲವನ್ನು ಹಿಗ್ಗಿಸಿ, ಪುಟಕ್ಕೆ ಹೊಂದಿಸಿ, ಬಣ್ಣ ತುಂಬಿ ಅಚ್ಚು ಹಾಕುತ್ತಿದ್ದರು. ಮಾತುಗಳನ್ನೂ ತಿದ್ದುತ್ತಿದ್ದರು. ಫ್ಯಾಂಟಮ್‌ನ ನಾಡಿನ ಹೆಸರು ನಮ್ಮ ಬಂಗಾಳದ ಜೊತೆ ಗೊಂದಲವಾಗಬಾರದೆಂದು 'ಡೆಂಕಾಲಿ' ಆಯಿತು. ಸಿಂಗ್ ಕಡಲ್ಗಳ್ಳರು 'ಸಿಂಗಾ' ಕಡಲ್ಗಳ್ಳರಾದರು. ಬಣ್ಣದ ಕಥೆ ಇನ್ನೂ ಸ್ವಾರಸ್ಯದ್ದು. ಫಾಕ್‌ನ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣದ ಉಡುಪು. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ಅದು ನೇರಳೆಯಾಗಿ ಅಚ್ಚಾಯಿತು. ಸ್ವೀಡನ್ನಿನ ಮಕ್ಕಳಿಗೆ ಅವನು ನೀಲಿ, ಇಟಲಿಯ ಮಕ್ಕಳಿಗೆ ಕೆಂಪು. ಈ ಮೇಜಿನ ಮೇಲಿರುವ ಕಾಗದದಲ್ಲಿ ಅವನಿಗೆ ಯಾವ ಬಣ್ಣವೂ ಇಲ್ಲ. ಬಿಳಿಯ ಮೇಲೆ ಕಪ್ಪು, ಅಷ್ಟೇ. ನಾನು ಬಾಲ್ಯದಲ್ಲಿ ಕಂಡ ನೇರಳೆಯನ್ನು ಕಲಾವಿದ ಎಂದೂ ಬಳಿದಿರಲಿಲ್ಲ ಎಂಬುದು ಮನಸ್ಸಿಗೆ ಇಳಿಯಲು ನನಗೆ ಬಹಳ ಹೊತ್ತು ಬೇಕಾಯಿತು.

ಮೂಲಚಿತ್ರಗಳನ್ನು ಕೊಳ್ಳಬಹುದು ಎಂಬುದೇ ನನಗೆ ನಲವತ್ತು ದಾಟುವವರೆಗೆ ಗೊತ್ತಿರಲಿಲ್ಲ. ಪುಸ್ತಕ ಅಚ್ಚಾದ ಮೇಲೆ ಬರೆದ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದಾಗ, ಹಳೆಯ ಕಾಮಿಕ್ಸ್ ಮಾರುವವನೊಬ್ಬನ ಅಂಗಡಿಯಲ್ಲಿ ಮೇಜಿನ ಕೆಳಗಿನ ಚೀಲದಿಂದ ಆತ ಒಂದು ಪಟ್ಟಿ ಎತ್ತಿ ತೋರಿಸಿದ. ಫ್ಯಾಂಟಮ್. ಶಾಯಿಯ ಕಪ್ಪು ಬೆಳಕಿಗೆ ಹೊಳೆಯುತ್ತಿತ್ತು. ಅಚ್ಚಿನಲ್ಲಿ ಶಾಯಿಗೆ ಆ ಹೊಳಪಿರುವುದಿಲ್ಲ. ಅಂದು ಕೊಳ್ಳಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ, ಮರುದಿನ ಹೋದರೆ ಅಂಗಡಿ ಮುಚ್ಚಿತ್ತು, ಅದರ ಮರುದಿನ ನನ್ನ ವಿಮಾನ.

ಆಮೇಲೆ ಎಂಟು ವರ್ಷ ಹುಡುಕಿದೆ. ಹುಡುಕಿದ್ದು ಯಾವುದೋ ಒಂದು ಫ್ಯಾಂಟಮ್ ಪಟ್ಟಿಯನ್ನಲ್ಲ, ಆ ಬೆನ್ನನ್ನು. ಕಥೆಯ ಹೆಸರು ನೆನಪಿರಲಿಲ್ಲ. ಮೊದಲು ಆ ಇಂದ್ರಜಾಲ ಸಂಚಿಕೆಯನ್ನೇ ಪತ್ತೆ ಮಾಡಬೇಕಾಯಿತು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಎಷ್ಟು ಭಾನುವಾರ ಕುಕ್ಕರಗಾಲಿನಲ್ಲಿ ಕುಳಿತೆನೋ ಲೆಕ್ಕವಿಲ್ಲ. ಸಂಚಿಕೆ ಸಿಕ್ಕಿತು. ಅದರಿಂದ ಕಥೆ, ಕಥೆಯಿಂದ ಪತ್ರಿಕೆಯಲ್ಲಿ ಬಂದ ದಿನ. ಪಟ್ಟಿಯ ಮೂಲೆಯಲ್ಲಿ ತಿಂಗಳು, ದಿನ ಬರೆದಿರುತ್ತದೆ, ಅದೇ ಅದರ ಗುರುತು. ಕೊನೆಗೆ ಒಂದು ಹರಾಜಿನಲ್ಲಿ ಅದು ಬಂತು. ಬ್ಯಾರಿಯ ಕಾಲದ ಸಾಮಾನ್ಯ ಪಟ್ಟಿಗಳು ಕೆಲವು ನೂರು ಡಾಲರಿಗೆ ಸಿಗುತ್ತವೆ. ನಾನು ಅದಕ್ಕಿಂತ ಹೆಚ್ಚೇ ಕೊಟ್ಟೆ. ಬೇರೆಯವರಿಗೆ ಅದರಲ್ಲಿ ವಿಶೇಷ ಏನೂ ಇರಲಿಲ್ಲ. ಹೊಡೆದಾಟವಿಲ್ಲ, ಮುಖವೂ ಇಲ್ಲ.

ಚಿತ್ರ ಬಂದ ದಿನ ಅಣ್ಣನಿಗೆ ಫೋನ್ ಮಾಡಿದೆ. ಮಾರನೆಯ ದಿನವೇ ಶಿವಮೊಗ್ಗದಿಂದ ಬಂದ. ಊಟದ ಮೇಜನ್ನು ಒರೆಸಿ, ಮೇಲೆ ಬಿಳಿ ಪಂಚೆ ಹಾಸಿ, ಎಡಗಡೆ ಇಂದ್ರಜಾಲದ ಪುಟ, ಬಲಗಡೆ ಮೂಲ ಪಟ್ಟಿ ಇಟ್ಟೆವು. ಅಣ್ಣನೇ ಮೊದಲು ಕಂಡದ್ದು. "ನೋಡೋ ಇಲ್ಲಿ, ಇವರು ಯಾರು?" ಎಂದ.

ಇಂದ್ರಜಾಲದ ಪುಟದಲ್ಲಿ ಆ ಚೌಕ ಮರದ ಬೊಡ್ಡೆಗೆ ಮುಗಿಯುತ್ತದೆ. ಮೂಲದಲ್ಲಿ ಮುಗಿಯುವುದಿಲ್ಲ. ಬೊಡ್ಡೆಯ ಆಚೆ ಇನ್ನೂ ಎರಡು ಅಂಗುಲ ಕಾಡಿದೆ. ಆ ಕಾಡಿನ ಕಪ್ಪಿನೊಳಗೆ ಫ್ಯಾಂಟಮ್‌ನ ಗೆಳೆಯರಾದ ಬಂಡಾರ್ ಬುಡಕಟ್ಟಿನ ಇಬ್ಬರು ಕುಳ್ಳರು ಮೊಣಕಾಲಿಗೆ ಕೈ ಕಟ್ಟಿ ಕುಳಿತಿದ್ದಾರೆ. ಅವರ ಈಟಿಗಳ ತುದಿ ಮಾತ್ರ ಬಿಳಿ. ನಲವತ್ತು ವರ್ಷ ನಾನು ಒಬ್ಬಂಟಿ ಎಂದುಕೊಂಡವನು ಒಬ್ಬಂಟಿಯಾಗಿರಲಿಲ್ಲ. ಪುಟದ ಅಳತೆಗೆ ಹೊಂದದೆ ಅವರಿಬ್ಬರೂ ಕತ್ತರಿಗೆ ಸಿಕ್ಕಿದ್ದರು. ಮರದ ಹಿಂದೆ ಏನೋ ಇದೆ ಎಂದು ಜಗಲಿಯ ಮೇಲೆ ಮಲಗಿ ನೋಡುತ್ತಿದ್ದ ಹುಡುಗನಿಗೆ ಅನಿಸಿದ್ದು ನಿಜವಾಗಿತ್ತು. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಈ ಸಲ ಪುಟ ತಿರುಗಿಸು ಎಂದೂ ಅವಸರ ಮಾಡಲಿಲ್ಲ.

ಹತ್ತಿರದಿಂದ ನೋಡುತ್ತಾ ಹೋದಂತೆ ಇನ್ನಷ್ಟು ತೆರೆದುಕೊಂಡಿತು. ಡೆವಿಲ್‌ನ ಬಾಲವನ್ನು ಮೊದಲು ಕೆಳಗೆ ಇಳಿಬಿಟ್ಟಂತೆ ಬರೆದು, ಆಮೇಲೆ ಬಿಳಿ ಬಣ್ಣ ಬಳಿದು ಅಳಿಸಿ, ಮೇಲೆತ್ತಿ ಬರೆದಿದ್ದಾರೆ. ಬಿಳಿಯ ಕೆಳಗೆ ಹಳೆಯ ಬಾಲದ ನೆರಳು ಕಾಣುತ್ತದೆ. ಎರಡನೆಯ ಚೌಕದ ಮಾತಿನ ಗುಳ್ಳೆ ಬೇರೆ ಕಾಗದದ ತುಂಡು, ಅಂಟಿಸಿದ್ದು. ಅಂಟು ಕಾಲಕ್ರಮದಲ್ಲಿ ಚಹಾದ ಕಲೆಯಂತೆ ಕಂದಾಗಿದೆ. ಅಂಚಿನಲ್ಲಿ ತಿಳಿನೀಲಿ ಪೆನ್ಸಿಲಿನ ಗುರುತುಗಳಿವೆ. ಆ ಕಾಲದ ಮುದ್ರಣದ ಕ್ಯಾಮೆರಾ ಫಿಲ್ಮಿಗೆ ತಿಳಿನೀಲಿ ಕಾಣುತ್ತಿರಲಿಲ್ಲ, ಆದ್ದರಿಂದ ಸೂಚನೆಗಳನ್ನು ಆ ಬಣ್ಣದಲ್ಲೇ ಬರೆಯುತ್ತಿದ್ದರು. ಹಕ್ಕುಸ್ವಾಮ್ಯ ಹೇಳುವ ಕಿಂಗ್ ಫೀಚರ್ಸ್ ಸಂಸ್ಥೆಯ ಚಿಕ್ಕ ಚೀಟಿ ಮೂರನೆಯ ಚೌಕದ ಹುಲ್ಲಿನ ಮೇಲೆ ಅಂಟಿದೆ.

ಸಹಿ 'ಸೈ ಬ್ಯಾರಿ' ಎಂದೇ ಇದೆ. ಆದರೆ ಬ್ಯಾರಿಯ ಕಾಲದ ಬಹುಪಾಲು ಪಟ್ಟಿಗಳ ಪೆನ್ಸಿಲ್ ಕೆಲಸ ಜಾರ್ಜ್ ಓಲ್ಸನ್ ಎಂಬವನದು. 1960ರ ದಶಕದಿಂದಲೇ ಅವನು ಹೆಸರಿಲ್ಲದೆ ಬರೆದ. ಬೇರೆ ಸಹಾಯಕರೂ ಬಂದು ಹೋದರು. ಬ್ಯಾರಿ ನಿವೃತ್ತನಾದ ಮೇಲೆ 1994ರಲ್ಲಿ ಓಲ್ಸನ್‌ನ ಹೆಸರು ಪಟ್ಟಿಯ ಮೇಲೆ ಬಂತು. ದಿನಕ್ಕೊಂದು ಪಟ್ಟಿ, ವಾರಕ್ಕೊಂದು ಬಣ್ಣದ ಪುಟ, ಮೂರು ದಶಕ. ಒಂದು ಜೋಡಿ ಕೈಯಿಂದ ಆಗುವ ಕೆಲಸ ಅದಲ್ಲ. ಇದರಿಂದ ಬ್ಯಾರಿಯ ದೊಡ್ಡತನ ಕಡಿಮೆಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ, ಶಾಯಿಯ ಮೇಲೆ ಅವನಿಗಿದ್ದ ಹಿಡಿತ ಅಪರೂಪದ್ದು. ನನ್ನ ಕಳಕಳಿ ಬೇರೆ. ನಾವು ಚಿಕ್ಕವರಾಗಿದ್ದಾಗ ನಾಯಕನ ಕುದುರೆಯ ಹೆಸರು ಕೂಡ ನಮಗೆ ಗೊತ್ತಿತ್ತು, ಆ ಕುದುರೆಯನ್ನು ಬರೆದವನ ಹೆಸರು ಗೊತ್ತಿರಲಿಲ್ಲ. ಮೂಲಚಿತ್ರ ಸಂಗ್ರಹಿಸುವುದೆಂದರೆ ನನ್ನ ಪಾಲಿಗೆ ಆ ಹೆಸರುಗಳನ್ನು ಒಂದೊಂದಾಗಿ ಕಲಿಯುವುದು.

ಈ ಕಾಗದ ಯಾರದು ಎಂಬ ಪ್ರಶ್ನೆಯೂ ಇಲ್ಲೇ ಇದೆ. ಅಮೆರಿಕದಲ್ಲಿ ಬಹುಕಾಲ ಪ್ರಕಾಶಕರು ಪುಟಕ್ಕೆ ಇಷ್ಟು ಎಂದು ಕೂಲಿ ಕೊಟ್ಟು ಚಿತ್ರವನ್ನೂ ತಾವೇ ಇಟ್ಟುಕೊಳ್ಳುತ್ತಿದ್ದರು. ಎಷ್ಟೋ ಪುಟಗಳನ್ನು ಹರಿದು ಎಸೆದರು, ಎಷ್ಟೋ ಗೋದಾಮಿನಿಂದ ಕಾಣೆಯಾದವು. 1970ರ ದಶಕದಲ್ಲಿ ಕಲಾವಿದರಿಗೆ ಪುಟ ಮರಳಿಸುವ ಪದ್ಧತಿ ಬಂತು. ಮಾರ್ವೆಲ್ ಕಾಮಿಕ್ಸ್ ಸಂಸ್ಥೆಯ ಅರ್ಧದಷ್ಟು ವೀರರಿಗೆ ರೂಪ ಕೊಟ್ಟ ಜಾಕ್ ಕರ್ಬಿ ತನ್ನದೇ ಚಿತ್ರಗಳಿಗಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಚಿತ್ರ ಮರಳಿ ಪಡೆಯಲು ಉಳಿದ ಕಲಾವಿದರು ಸಹಿ ಹಾಕಬೇಕಿದ್ದದ್ದು ಒಂದು ಪುಟದ ಒಪ್ಪಂದಕ್ಕೆ, ಅವನ ಮುಂದಿಟ್ಟದ್ದು ನಾಲ್ಕು ಪುಟದ್ದು. ಕೊನೆಗೆ 1987ರಲ್ಲಿ ಅವನ ಕೈಗೆ ಮರಳಿದ್ದು ಸುಮಾರು ಎರಡು ಸಾವಿರ ಪುಟ. ಅವನು ಆ ಸಂಸ್ಥೆಗಾಗಿ ಬರೆದದ್ದು ಹತ್ತು ಸಾವಿರಕ್ಕೂ ಹೆಚ್ಚು. ಆದ್ದರಿಂದ ನಾನು ಯಾವ ಪುಟ ಕೊಳ್ಳುವಾಗಲೂ ಅದು ಕಲಾವಿದನ ಮನೆಯಿಂದ ಹೊರಟದ್ದೇ, ಬೇರೆಲ್ಲಿಂದ ಬಂದದ್ದು ಎಂದು ಕೇಳುತ್ತೇನೆ. ಉತ್ತರ ತಡವರಿಸಿದರೆ ಕೊಳ್ಳುವುದಿಲ್ಲ. ಹೀಗೆ ಎರಡು ಒಳ್ಳೆಯ ಪುಟಗಳನ್ನು ಬಿಟ್ಟಿದ್ದೇನೆ. ಬೇಸರವಿಲ್ಲ.

ಬೆಲೆಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದನ್ನೂ ಹೇಳುತ್ತೇನೆ. 2022ರ ಜನವರಿಯಲ್ಲಿ ಸ್ಪೈಡರ್‌ಮ್ಯಾನ್ ಕಪ್ಪು ಉಡುಪು ತೊಡುವ ಒಂದೇ ಒಂದು ಪುಟ 33 ಲಕ್ಷ 60 ಸಾವಿರ ಡಾಲರಿಗೆ ಹರಾಜಾಯಿತು. ಅದನ್ನು ಮೈಕ್ ಝೆಕ್ 1984ರಲ್ಲಿ ಬರೆದದ್ದು. ಅದಕ್ಕೆ ಒಂದು ವರ್ಷ ಮೊದಲು ಪ್ಯಾರಿಸ್‌ನಲ್ಲಿ ಟಿನ್‌ಟಿನ್‌ನ ಸೃಷ್ಟಿಕರ್ತ ಎರ್ಜೆ 1936ರಲ್ಲಿ ಬರೆದ ಒಂದು ಮುಖಪುಟದ ಚಿತ್ರ 31 ಲಕ್ಷ ಯೂರೋ ದಾಟಿತು. ಅಚ್ಚು ಹಾಕಲು ದುಬಾರಿಯಾಗುತ್ತದೆಂದು ಪ್ರಕಾಶಕರು ಬಿಟ್ಟ ಚಿತ್ರ ಅದು. ಅದನ್ನು ಎರ್ಜೆ ಪ್ರಕಾಶಕರ ಪುಟ್ಟ ಮಗನಿಗೆ ಕೊಟ್ಟ, ಹುಡುಗ ಮಡಿಸಿ ಡ್ರಾಯರಿನಲ್ಲಿ ಇಟ್ಟ ಎಂಬುದು ಹರಾಜಿನವರು ಹೇಳಿದ ಕಥೆ. ಎರ್ಜೆಯ ವಾರಸುದಾರರು ಅದನ್ನು ಒಪ್ಪಲಿಲ್ಲ. ಮಡಿಕೆಯ ಗೆರೆಗಳಂತೂ ಚಿತ್ರದ ಮೇಲೆ ಇವೆ. ಈ ಮೊತ್ತಗಳನ್ನು ಕೇಳಿ ಸಂಗ್ರಹಕ್ಕೆ ಇಳಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಚಿನ್ನ ಕೊಳ್ಳುವವರು ಚಿನ್ನವನ್ನೇ ಕೊಳ್ಳಲಿ. ಇದಕ್ಕೆ ಎದುರಾದ ಇನ್ನೊಂದು ಸಂಗತಿ ನನಗೆ ಹೆಚ್ಚು ಪ್ರಿಯ. ಸ್ಪೈಡರ್‌ಮ್ಯಾನ್ ಮೊಟ್ಟಮೊದಲು ಕಾಣಿಸಿಕೊಂಡ 1962ರ ಸಂಚಿಕೆಗೆ ಸ್ಟೀವ್ ಡಿಟ್ಕೊ ಬರೆದ ಇಪ್ಪತ್ತನಾಲ್ಕು ಮೂಲಪುಟಗಳನ್ನು 2008ರಲ್ಲಿ ಯಾರೋ ಒಬ್ಬರು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಸುಮ್ಮನೆ ಕೊಟ್ಟುಬಿಟ್ಟರು. ತಮ್ಮ ಹೆಸರನ್ನೂ ಹೇಳಬೇಡಿ ಎಂದರು.

ಕೊಳ್ಳುವವರಿಗೆ ಒಂದೆರಡು ಮಾತು. ಭೂತಗನ್ನಡಿ ಹಿಡಿದು ನೋಡಿ. ಬಣ್ಣದ ಚುಕ್ಕೆಗಳ ಜಾಲ ಕಂಡರೆ ಅದು ಅಚ್ಚು. ಕಪ್ಪು ತುಂಬಿದ ಜಾಗವನ್ನು ಓರೆಯಾಗಿ ಹಿಡಿಯಿರಿ. ಕೈಯಿಂದ ತುಂಬಿದ ಕಪ್ಪು ಎಲ್ಲೆಡೆ ಒಂದೇ ಸಮ ಇರುವುದಿಲ್ಲ, ಕುಂಚ ಹೋದ ದಾರಿ ಕಾಣುತ್ತದೆ. ತಿದ್ದಿದ ಗುರುತೇ ಇಲ್ಲದ ಪಟ್ಟಿ ಸಿಕ್ಕರೆ ಇನ್ನೊಮ್ಮೆ ಯೋಚಿಸಿ.

ಕಾಪಾಡುವುದು ಅದಕ್ಕಿಂತ ಕಷ್ಟ. ನನ್ನ ಬಳಿ ಇದ್ದ ಇನ್ನೊಂದು ಪಟ್ಟಿಗೆ ಕಟ್ಟು ಹಾಕಿಸಲು ಅಂಗಡಿಗೆ ಕೊಟ್ಟೆ. ನಾಲ್ಕು ದಿನ ಬಿಟ್ಟು ಹೋದಾಗ ಅಂದವಾದ ಕಟ್ಟು ಸಿದ್ಧವಾಗಿತ್ತು. ಚಿತ್ರ ಸುಕ್ಕಾಗದಿರಲಿ ಎಂದು ಅದರ ಬೆನ್ನಿಗೆಲ್ಲ ಗೋಂದು ಸವರಿ ಹಾರ್ಡ್‌ಬೋರ್ಡಿಗೆ ಅಂಟಿಸಿದ್ದರು. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಹೇಳದೆ ಬಂದದ್ದು ನನ್ನ ತಪ್ಪು. ಮೂರು ಮಳೆಗಾಲ ಕಳೆಯುವುದರಲ್ಲಿ ಬೋರ್ಡಿನ ಕಂದು ಕಾಗದದೊಳಗೆ ಏರಿ ಬಂತು. ಅದನ್ನು ಈಗ ಬಿಡಿಸಲು ಆಗುವುದಿಲ್ಲ. ಆದ್ದರಿಂದ ಕೈಮುಗಿದು ಹೇಳುತ್ತೇನೆ: ಅಂಟಿಸಬೇಡಿ. ಲ್ಯಾಮಿನೇಟ್ ಮಾಡಿಸಲೇಬೇಡಿ. ಆಮ್ಲವಿಲ್ಲದ ಕಾಗದದ ನಡುವೆ ಇಡಿ, ಹೊರಗೋಡೆಗೆ ತೂಗುಹಾಕಬೇಡಿ, ಕಿಟಕಿಯ ಎದುರು ಬೇಡ. ಮಳೆ ನಿಂತ ಮೇಲೆ ಒಂದು ದಿನ ಎಲ್ಲವನ್ನೂ ತೆಗೆದು ನೆರಳಿನಲ್ಲಿ ಗಾಳಿಗೆ ಇಡಿ. ತಾಳೆಗರಿ ಕಟ್ಟುಗಳನ್ನು ನಮ್ಮ ಹಿರಿಯರು ಹೀಗೆಯೇ ಉಳಿಸಿದರು.

ಇಷ್ಟು ಹೊತ್ತು ಅಮೆರಿಕದ ಕಾಗದದ ಮಾತಾಯಿತು. ನಮ್ಮಲ್ಲಿ ಬರೆದವರ ಕಾಗದ? ಇಂದ್ರಜಾಲದ ಮುಖಪುಟಗಳನ್ನು ಬರೆದವರು ಗೋವಿಂದ್ ಬ್ರಾಹ್ಮಣಿಯಾ. 1976ರಲ್ಲಿ ಆಬಿದ್ ಸೂರ್ತಿ 'ಬಹಾದೂರ್' ಎಂಬ ಭಾರತೀಯ ಕಾಮಿಕ್ಸ್ ನಾಯಕನನ್ನು ಸೃಷ್ಟಿಸಿದಾಗ ಅದಕ್ಕೆ ಚಿತ್ರ ಬರೆದವರೂ ಅವರೇ. ಹಗ್ಗದ ಮೇಲೆ ನೇತಾಡುತ್ತಿದ್ದ ಆ ಪುಸ್ತಕಗಳ ಕಡೆಗೆ ನನ್ನನ್ನು ಎಳೆದದ್ದು ಅವರ ಕೈ. ಆ ಹೆಸರು ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ಅಮರ ಚಿತ್ರಕಥೆಯ ಕೃಷ್ಣನನ್ನು ಬರೆದ ರಾಮ್ ವಾಯೀರ್ಕರ್, ಚಂದಮಾಮದಲ್ಲಿ ಹೆಗಲ ಮೇಲೆ ಶವ ಹೊತ್ತು ನಡೆಯುವ ವಿಕ್ರಮನನ್ನು ಬರೆದ ಶಂಕರ್. ಆ ವಿಕ್ರಮನನ್ನು ನೋಡದೆ ಬೆಳೆದ ನನ್ನ ವಯಸ್ಸಿನ ಕನ್ನಡಿಗರು ವಿರಳ. ಶಂಕರ್ ಅವರು 2020ರಲ್ಲಿ, ತೊಂಬತ್ತು ದಾಟಿ, ಚೆನ್ನೈಯಲ್ಲಿ ತೀರಿಕೊಂಡರು. ಅಂದು ನಾನು ಕಪಾಟಿನಿಂದ ಹಳೆಯ ಚಂದಮಾಮ ತೆಗೆದು ಆ ಚಿತ್ರದ ಮುಂದೆ ಸ್ವಲ್ಪ ಹೊತ್ತು ಕುಳಿತೆ.

ಒಳ್ಳೆಯ ಕೆಲಸ ನಡೆದಿಲ್ಲವೆಂದಲ್ಲ. ಬೆಂಗಳೂರಿನ ವ್ಯಂಗ್ಯಚಿತ್ರಕಾರ್ತಿ ಮಾಯಾ ಕಾಮತ್ ಅವರ ಚಿತ್ರಗಳು ಮುಂಬೈಯ ಸ್ಪ್ಯಾರೋ ಸಂಗ್ರಹಾಗಾರದಲ್ಲಿ ಭದ್ರವಾಗಿವೆ. ಟ್ರಿನಿಟಿ ವೃತ್ತದ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ 2007ರಿಂದ ಇದೆ. ಹೋಗಿರದಿದ್ದರೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಆದರೆ ನಮ್ಮ ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ದಶಕಗಟ್ಟಲೆ ಕಥೆಯ ಚಿತ್ರ, ಚಿತ್ರಕಥೆ ಬರೆದವರ ಕಾಗದಗಳು ಇನ್ನೂ ಮನೆಗಳ ಅಟ್ಟದ ಮೇಲೆ, ಮಂಚದ ಕೆಳಗೆ, ಕಬ್ಬಿಣದ ಪೆಟ್ಟಿಗೆಗಳಲ್ಲಿ ಇವೆ. ಮನೆ ಬದಲಿಸುವಾಗ ಅವು ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುತ್ತವೆ. ಒಮ್ಮೆ ಹಾಗೆ ಹೋಗುತ್ತಿದ್ದ ಒಂದು ಕಟ್ಟನ್ನು ನಾನೇ ತಡೆದಿದ್ದೇನೆ. ತೂಕದ ತಟ್ಟೆಯ ಮೇಲಿತ್ತು. ಮೇಲಿನ ಹಾಳೆಯಲ್ಲಿ ಬಾವಿಕಟ್ಟೆಯ ಮೇಲೆ ಕುಳಿತ ಒಬ್ಬ ಹೆಂಗಸು, ಕೊಡದ ಬಾಯಿಗೆ ಇಣುಕುವ ಮಗು. ಸಹಿ ಇರಲಿಲ್ಲ. ಕೇಳಿದರೆ ಆ ಮನೆಯವರು ಆಶ್ಚರ್ಯದಿಂದ, "ಅದು ನಮ್ಮ ಮಾವನವರು ಸುಮ್ಮನೆ ಬರೆಯುತ್ತಿದ್ದದ್ದು, ನಿಮಗೆ ಬೇಕೇ?" ಎಂದರು. ಹಣ ತೆಗೆದುಕೊಳ್ಳಲಿಲ್ಲ. ಅವರ ಮಾವನವರ ಹೆಸರನ್ನು ಪ್ರತಿ ಹಾಳೆಯ ಹಿಂದೆ, ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲಿನಲ್ಲಿ ಅವರಿಂದಲೇ ಬರೆಸಿಕೊಂಡೆ. ಅರವತ್ತೆರಡು ಹಾಳೆ. ಬರೆದು ಮುಗಿಸುವಾಗ ಅವರ ಕಣ್ಣು ತುಂಬಿತ್ತು.

ನಿಮ್ಮ ಮನೆಯಲ್ಲಿ, ನೆಂಟರ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಹೀಗೆ ಬರೆದವರು ಯಾರಾದರೂ ಇದ್ದರೆ, ಇದ್ದಿದ್ದರೆ, ಆ ಪೆಟ್ಟಿಗೆಯನ್ನು ಒಮ್ಮೆ ತೆರೆಯಿಸಿ. ಕೊಳ್ಳಬೇಕೆಂದಿಲ್ಲ. ಯಾವ ಪತ್ರಿಕೆಗೆ, ಯಾವ ಕಥೆಗೆ, ಯಾವ ವರ್ಷ ಎಂದು ಅವರು ಬದುಕಿರುವಾಗಲೇ ಕೇಳಿ ಬರೆದಿಡಿ.

ನನ್ನ ಮಾತು ಇಷ್ಟೇ. ಈಗ ಇಬ್ಬಿಬ್ಬರಾಗಿ ಮೇಜಿನ ಹತ್ತಿರ ಬನ್ನಿ. ಗಾಜಿನ ಮೇಲೆ ಕೈ ಇಡಬೇಡಿ. ದೀಪವನ್ನು ಸ್ವಲ್ಪ ಎಡಕ್ಕೆ ವಾಲಿಸಿದ್ದೇನೆ, ಬಲ ಅಂಚಿನ ಕಪ್ಪನ್ನು ನಿಧಾನವಾಗಿ ನೋಡಿ. ಮೊದಲು ಈಟಿಯ ತುದಿಗಳು ಕಾಣುತ್ತವೆ, ಆಮೇಲೆ ಅವರಿಬ್ಬರು.